ಒಂದು ದಮ್ಮಡಿಗೆ ನೂರಿಪ್ಪತ್ತು ಹೆಸರು

ಹಾನಗಲ್ಲ, ಶಿಗ್ಗಾವಿ, ಸವಣೂರು, ಹಿರೇಕೆರೂರ ತಾಲ್ಲೂಕುಗಳ ಯಾವ ಊರಿಗೆ ಹೋದರೂ ಇಂದು ಜಾತ್ರೆಯ ವೇದಿಕೆಯಲ್ಲೋ ಶಾಲೆಯ ಸ್ನೇಹ ಸಮ್ಮೇಳನದಲ್ಲೋ ಕಬ್ಬಿಣದ ಕಾಲುಗಳ ಮೇಲೆ ನಿಂತ ಕೀಬೋರ್ಡ್ ಒಂದು ಕಣ್ಣಿಗೆ ಬೀಳುತ್ತದೆ. ಪಕ್ಕದಲ್ಲಿ ಎಂಟೊಂಬತ್ತು ರಬ್ಬರ್ ಚೌಕಗಳ ‘ಪ್ಯಾಡ್’. ಹೈಸ್ಕೂಲು ಮುಗಿಸಿದ ಹುಡುಗನೊಬ್ಬ ಗುಂಡಿ ಒತ್ತಿದರೆ ತಬಲಾ ನುಡಿಯುತ್ತದೆ, ಇನ್ನೊಂದು ಒತ್ತಿದರೆ ಶಹನಾಯಿ, ಮತ್ತೊಂದಕ್ಕೆ ಇಡೀ ಪಿಟೀಲುಗಳ ತಂಡವೇ ಎದ್ದು ಕೂರುತ್ತದೆ. ಆದರೆ ಶಿಶುನಾಳ ಶರೀಫರ ಪದವೊಂದನ್ನು ಹಾಡಲು ಯಾರಾದರೂ ಮೈಕಿನ ಮುಂದೆ ಬಂದು, ‘ತಮ್ಮಾ, ಏಕತಾರಿ, ದಮ್ಮಡಿ ಹಚ್ಚು’ ಎಂದರೆ ಹುಡುಗನ ಬೆರಳು ತಡವರಿಸುತ್ತದೆ. ನೂರಾರು ನಾದಗಳ ಪಟ್ಟಿಯಲ್ಲಿ ಅದಿಲ್ಲ. ಕೊನೆಗೆ ಢೋಲಕ್ಕನ್ನೇ ಹಚ್ಚಿ ಕೆಲಸ ಸಾಗಿಸುತ್ತಾನೆ. ಕೇಳುವವರಿಗೂ ಅದು ರೂಢಿಯಾಗಿಬಿಟ್ಟಿದೆ.

ಶರೀಫರು (1819–1889) ಹುಟ್ಟಿದ ಶಿಶುನಾಳ ಇರುವುದು ಇದೇ ಶಿಗ್ಗಾವಿ ತಾಲ್ಲೂಕಿನಲ್ಲಿ. ಅವರ ತತ್ವಪದಗಳ ಜೊತೆಗಾರ ವಾದ್ಯಗಳು ಊರ ಭಜನಾ ಮೇಳಗಳಲ್ಲಿ ಇನ್ನೂ ಉಸಿರಾಡುತ್ತಿವೆ. ಹಾಗಿದ್ದೂ ಅವು ಕೀಬೋರ್ಡಿನ ಹೊಟ್ಟೆಯೊಳಗೆ ಸೇರಲಿಲ್ಲವೇಕೆ? ಉತ್ತರ ಸರಳ: ಯಾರೂ ಸೇರಿಸಲಿಲ್ಲ. ಅಲ್ಲಿರುವ ಒಂದೊಂದು ನಾದವನ್ನೂ ಯಾರೋ ಎಲ್ಲೋ ಕುಳಿತು ನಿಜವಾದ ವಾದ್ಯದಿಂದ ಧ್ವನಿಮುದ್ರಿಸಿ, ಕತ್ತರಿಸಿ, ಹೆಸರು ಬರೆದು ಜೋಡಿಸಿದ್ದಾರೆ. ಈ ಕೆಲಸಕ್ಕೆ ‘ಸ್ಯಾಂಪ್ಲಿಂಗ್’ ಎಂದೂ ಹಾಗೆ ಜೋಡಿಸಿದ ಸಂಗ್ರಹಕ್ಕೆ ‘ಸ್ಯಾಂಪಲ್ ಲೈಬ್ರರಿ’ ಎಂದೂ ಹೆಸರು. ಕನ್ನಡದಲ್ಲಿ ನಾದಭಂಡಾರ ಎನ್ನೋಣ. ಕೀಬೋರ್ಡ್ ಕಂಪನಿಗಳು ಹೆಚ್ಚು ಮಾರಾಟವಾಗುವ ಕಡೆಗೆ ಕಿವಿ ಕೊಡುತ್ತವೆ. ಭಾರತದ ಮಾರುಕಟ್ಟೆಗೆಂದೇ ಬಂದ ಯಮಹಾದ ‘ಪಿಎಸ್‌ಆರ್-ಐ’ ಸರಣಿಯಲ್ಲಾಗಲೀ ಇಲ್ಲಿನ ವಾದ್ಯಮೇಳಗಳ ಮೆಚ್ಚಿನ ರೋಲ್ಯಾಂಡ್ ‘ಎಕ್ಸ್‌ಪಿಎಸ್-10’ರಲ್ಲಾಗಲೀ ಸಿತಾರು, ತಬಲಾಗಳಂಥ ಭಾರತೀಯ ನಾದಗಳಿಗೆ ಜಾಗ ಸಿಕ್ಕಿತು. ದಮ್ಮಡಿ ಬೇಕೆಂದು ಜಪಾನಿಗೆ ಪತ್ರ ಬರೆದವರು ಯಾರು?

ಪೆಟ್ಟಿಗೆಯೊಳಗೆ ನಾದ ತುಂಬಿದ ಕಥೆ

ಗುಂಡಿ ಒತ್ತಿದರೆ ಬೇರೊಂದು ವಾದ್ಯ ನುಡಿಯಬೇಕೆಂಬ ಆಸೆ ಹೊಸದಲ್ಲ. 1963ರಲ್ಲಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಲ್ಲಿ ತಯಾರಾದ ‘ಮೆಲ್ಲೋಟ್ರಾನ್’ ಎಂಬ ವಾದ್ಯದ ಪ್ರತಿ ಮನೆಯ ಕೆಳಗೂ ಟೇಪಿನ ಒಂದು ಪಟ್ಟಿ ಇರುತ್ತಿತ್ತು. ಒತ್ತಿದರೆ ಪಟ್ಟಿ ಓಡಿ, ಮೊದಲೇ ಮುದ್ರಿಸಿಟ್ಟ ಕೊಳಲೋ ಪಿಟೀಲೋ ಸುಮಾರು 8 ಸೆಕೆಂಡು ನುಡಿಯುತ್ತಿತ್ತು. ಆಮೇಲೆ ಟೇಪು ಮುಗಿಯಿತು, ಬೆರಳೆತ್ತಲೇಬೇಕು. 1979ರಲ್ಲಿ ಆಸ್ಟ್ರೇಲಿಯಾದ ಪೀಟರ್ ವೋಗಲ್ ಮತ್ತು ಕಿಮ್ ರೈರಿ ಟೇಪಿನ ಬದಲು ಕಂಪ್ಯೂಟರನ್ನೇ ಬಳಸಿ ‘ಫೇರ್‌ಲೈಟ್’ ಎಂಬ ಯಂತ್ರ ಮಾಡಿದರು. 1981ರಲ್ಲಿ ಅಮೆರಿಕದಿಂದ ಬಂದ ‘ಎಮ್ಯುಲೇಟರ್’ನ ಸ್ಮರಣಶಕ್ತಿ 128 ಕಿಲೋಬೈಟ್, ಅದರಲ್ಲಿ ಹಿಡಿಸುತ್ತಿದ್ದುದು ಸುಮಾರು 2 ಸೆಕೆಂಡಿನ ಸದ್ದು. ಇಂದು ಮೊಬೈಲಿನಲ್ಲಿ ಬರುವ ‘ಶುಭೋದಯ’ದ ಚಿತ್ರವೊಂದು ಅಷ್ಟು ಜಾಗ ತಿನ್ನುತ್ತದೆ.

ಈ ಕಥೆಯಲ್ಲಿ ಹಾನಗಲ್ಲಿನವರಿಗೆ ಆಪ್ತವೆನಿಸುವ ಒಂದು ಅಧ್ಯಾಯವಿದೆ. ಅಮೆರಿಕದ ರೇ ಕುರ್ಜ್‌ವೈಲ್ 1976ರಲ್ಲಿ ಅಂಧರಿಗಾಗಿ ಪುಸ್ತಕ ಓದಿ ಹೇಳುವ ಯಂತ್ರ ನಿರ್ಮಿಸಿದರು. ಅದನ್ನು ಮೊದಲು ಕೊಂಡವರಲ್ಲಿ ಒಬ್ಬರು ಪ್ರಸಿದ್ಧ ಅಂಧ ಗಾಯಕ ಸ್ಟೀವಿ ವಂಡರ್. ಇಬ್ಬರ ಗೆಳೆತನ ಬೆಳೆಯಿತು. ಕಂಪ್ಯೂಟರಿನ ಹಿಡಿತವನ್ನು ನಿಜವಾದ ಪಿಯಾನೋ, ಪಿಟೀಲುಗಳ ತುಂಬುನಾದಕ್ಕೆ ಜೋಡಿಸಲು ಸಾಧ್ಯವೇ ಎಂಬ ಪ್ರಶ್ನೆ ಸ್ಟೀವಿಯವರಿಂದ ಬಂತು. 1982ರಲ್ಲಿ ಅದಕ್ಕೆಂದೇ ಕಂಪನಿ ಹುಟ್ಟಿತು. 1984ರಲ್ಲಿ ‘ಕೆ-250’ ಹೊರಬಂತು. ನಿಜವಾದ ದೊಡ್ಡ ಪಿಯಾನೋದ ನಾದವನ್ನು ನಂಬುವಂತೆ ನುಡಿಸಿದ ಮೊದಲ ಎಲೆಕ್ಟ್ರಾನಿಕ್ ವಾದ್ಯಗಳಲ್ಲಿ ಅದೂ ಒಂದು.

ಕಣ್ಣಿಲ್ಲದವರ ಕಿವಿ ಎಷ್ಟು ಸೂಕ್ಷ್ಮ ಎಂಬುದನ್ನು ಹಾನಗಲ್ಲ ತಾಲ್ಲೂಕಿನವರಿಗೆ ಹೊರಗಿನವರು ಹೇಳಿಕೊಡಬೇಕಾಗಿಲ್ಲ. ಪಂಚಾಕ್ಷರಿ ಗವಾಯಿಗಳು (1892–1944) ಈ ತಾಲ್ಲೂಕಿನ ಕಾಡಶೆಟ್ಟಿಹಳ್ಳಿಯವರು. ಅವರನ್ನು ಸಂಗೀತದ ದಾರಿಗೆ ಹಚ್ಚಿದವರು ಹಾನಗಲ್ಲ ಕುಮಾರ ಸ್ವಾಮಿಗಳು. ಅವರ ಶಿಷ್ಯ ಪುಟ್ಟರಾಜ ಗವಾಯಿಗಳು (1914–2010) ಇದೇ ತಾಲ್ಲೂಕಿನ ದೇವರಹೊಸಪೇಟೆಯವರು. ಎಳೆಯ ಮಗುವಾಗಿದ್ದಾಗಲೇ ದೃಷ್ಟಿ ಕಳೆದುಕೊಂಡವರು. ಹಾರ್ಮೋನಿಯಂ, ತಬಲಾ, ಪಿಟೀಲು, ಸಾರಂಗಿ ಎಂದು ಕೈಗೆ ಸಿಕ್ಕ ವಾದ್ಯವನ್ನೆಲ್ಲ ಒಲಿಸಿಕೊಂಡವರು. ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಅವರ ಮುಂದೆ ಕುಳಿತು ಕಲಿತ ಅಂಧ ಮಕ್ಕಳಿಗೆ ಲೆಕ್ಕವಿಲ್ಲ. ನಾದಭಂಡಾರ ಕಟ್ಟುವ ಕೆಲಸಕ್ಕೆ ಬೇಕಾದ ಮೊದಲ ಬಂಡವಾಳ ಇಂಥ ಕಿವಿ. ಕಂಪ್ಯೂಟರು ಆಮೇಲಿನದು.

ನಮ್ಮ ರಾಜ್ಯದ ಮಟ್ಟಿಗೆ ಈ ದಾರಿ ತೆರೆದವರು ಬೆಂಗಳೂರಿನ ಜಿ. ರಾಜ್ ನಾರಾಯಣ್. ಎಂಜಿನಿಯರರೂ ಹೌದು, ಕೊಳಲು ವಾದಕರೂ ಹೌದು. ಅವರ ಎಲೆಕ್ಟ್ರಾನಿಕ್ ತಂಬೂರಿ ಬಂದದ್ದು 1979ರಲ್ಲಿ. ‘ರಾಡೆಲ್’ ಹೆಸರಿನ ಅವರ ಪೆಟ್ಟಿಗೆಗಳು ಮೊದಲು ವಿದ್ಯುತ್ ಮಂಡಲದಿಂದಲೇ ನಾದ ಹುಟ್ಟಿಸುತ್ತಿದ್ದವು. ಮುಂದೆ ನಿಜವಾದ ತಂಬೂರಿ, ತಬಲಾಗಳಿಂದ ಮುದ್ರಿಸಿಕೊಂಡ ನಾದವನ್ನೇ ಚಿಪ್ಪಿನಲ್ಲಿ ಇಟ್ಟು ನುಡಿಸತೊಡಗಿದವು. ಇಂದು ಸಂಗೀತ ಪಾಠದ ಎಷ್ಟೋ ಮನೆಗಳಲ್ಲಿ ತಂಬೂರಿ ಮೀಟುವ ಮಗು ಇಲ್ಲ, ಮೂಲೆಯಲ್ಲಿ ಈ ಪೆಟ್ಟಿಗೆ ಇದೆ. ಇದು ಲಾಭವೋ ನಷ್ಟವೋ ಎಂಬ ವಾದ ಮುಗಿದಿಲ್ಲ. ಒಬ್ಬರೇ ಕುಳಿತು ಅಭ್ಯಾಸ ಮಾಡುವವರಿಗೆ ಶ್ರುತಿ ಸಿಕ್ಕಿತೆಂಬುದಂತೂ ಖರೆ.

ಒಂದು ಅಗುಳು ಸಾಲದು

ಅನ್ನ ಬೆಂದಿದೆಯೇ ಎಂದು ತಿಳಿಯಲು ಒಂದು ಅಗುಳು ಹಿಸುಕಿದರೆ ಸಾಕು ಎನ್ನುತ್ತಾರೆ ಹಿರಿಯರು. ‘ಸ್ಯಾಂಪಲ್’ ಎಂಬ ಮಾತಿನ ಅರ್ಥವೂ ಅದೇ, ಮಾದರಿ. ಆದರೆ ದಮ್ಮಡಿಯ ವಿಷಯದಲ್ಲಿ ಈ ಮಾತು ನಡೆಯುವುದಿಲ್ಲ. ಹೊಸದಾಗಿ ಈ ಕೆಲಸಕ್ಕೆ ಕೈ ಹಾಕುವ ಹುಡುಗರು ಮೊದಲು ಎಡವುವುದು ಇಲ್ಲಿಯೇ. ಮೊಬೈಲು ಮುಂದಿಟ್ಟು ಒಂದು ಪೆಟ್ಟು ಹಾಕಿಸಿ, ಅದನ್ನೇ ಪ್ಯಾಡಿಗೆ ತುಂಬಿ ಬಾರಿಸುತ್ತಾರೆ. ಮೊದಲ ಪೆಟ್ಟು ಕೇಳಿದಾಗ ಸಂತೋಷವಾಗುತ್ತದೆ. ಹತ್ತು ಪೆಟ್ಟು ಕೇಳುವಷ್ಟರಲ್ಲಿ ಬಡಗಿ ಮೊಳೆ ಹೊಡೆದಂತೆ ಕೇಳಿಸುತ್ತದೆ.

ಯಾಕೆ ಹೀಗೆ? ಭಜನೆಯ ದಮ್ಮಡಿಯವನ ಕೈಯನ್ನು ಒಂದು ರಾತ್ರಿ ಗಮನವಿಟ್ಟು ನೋಡಬೇಕು. ನಡುವಿಗೆ ಬಿದ್ದ ಬೆರಳು ಒಂದು ನಾದ ಕೊಡುತ್ತದೆ, ಅಂಚಿಗೆ ಬಿದ್ದದ್ದು ಇನ್ನೊಂದು. ಬೆರಳನ್ನು ಎತ್ತಿದರೆ ಚರ್ಮ ಮೊರೆಯುತ್ತದೆ, ಅಲ್ಲೇ ಒತ್ತಿ ಹಿಡಿದರೆ ಬಾಯಿ ಮುಚ್ಚಿಕೊಳ್ಳುತ್ತದೆ. ಅಂಗೈಯ ಪೆಟ್ಟು ಬೇರೆ, ಬೆರಳ ತುದಿಗಳ ಸರಸರ ಬೇರೆ. ಹೀಗೆ ಕನಿಷ್ಠ 6 ಬಗೆ ಎಂದಿಟ್ಟುಕೊಳ್ಳೋಣ. ಒಂದೊಂದನ್ನೂ ಮೆಲ್ಲಗೆ, ಸಾಧಾರಣ, ಜೋರಾಗಿ, ಪೂರ್ಣ ಬಲದಿಂದ ಎಂದು 4 ಮಟ್ಟಗಳಲ್ಲಿ ಬಾರಿಸಿ ಮುದ್ರಿಸಬೇಕು. ಮೆಲ್ಲನೆಯ ಪೆಟ್ಟಿನ ಸದ್ದನ್ನು ಯಂತ್ರದಲ್ಲಿ ಏರಿಸಿದರೆ ಜೋರು ಪೆಟ್ಟಾಗುವುದಿಲ್ಲವೇ ಎಂದು ಕೇಳಬಹುದು. ಆಗುವುದಿಲ್ಲ. ಜೋರಾಗಿ ಬಾರಿಸಿದಾಗ ಸದ್ದು ದೊಡ್ಡದಾಗುವುದಷ್ಟೇ ಅಲ್ಲ, ಅದರ ಬಣ್ಣವೇ ಬದಲಾಗುತ್ತದೆ. ಮೇಲಿನ ಕಂಪನಗಳು ಹೆಚ್ಚು ಎದ್ದು ಬರುತ್ತವೆ. ಪಿಸುಮಾತನ್ನು ಧ್ವನಿವರ್ಧಕದಲ್ಲಿ ಕೇಳಿಸಿದರೆ ಕೂಗು ಆಗುತ್ತದೆಯೇ?

ಇಷ್ಟಕ್ಕೇ ಮುಗಿಯಲಿಲ್ಲ. ಮನುಷ್ಯ ಒಂದೇ ಪೆಟ್ಟನ್ನು ಎರಡು ಸಲ ಒಂದೇ ರೀತಿ ಹಾಕಲಾರ. ಕೂದಲೆಳೆಯಷ್ಟಾದರೂ ವ್ಯತ್ಯಾಸ ಇದ್ದೇ ಇರುತ್ತದೆ, ಮತ್ತು ನಮ್ಮ ಕಿವಿ ಅದನ್ನೇ ಜೀವಂತಿಕೆ ಎಂದು ಗುರುತಿಸುತ್ತದೆ. ಆದ್ದರಿಂದ ಪ್ರತಿ ಬಗೆಯ ಪ್ರತಿ ಮಟ್ಟಕ್ಕೂ 5 ಪೆಟ್ಟುಗಳನ್ನು ಮುದ್ರಿಸಿಟ್ಟು, ಯಂತ್ರ ಅವುಗಳನ್ನು ಸರದಿಯ ಮೇಲೆ ನುಡಿಸುವಂತೆ ಮಾಡುತ್ತಾರೆ. 6 ಬಗೆ, 4 ಮಟ್ಟ, 5 ಸರದಿ. ಗುಣಿಸಿದರೆ 120. ಒಂದು ಪುಟ್ಟ ದಮ್ಮಡಿಗೆ ನೂರಿಪ್ಪತ್ತು ಕಡತಗಳು!

ಜಾಗದ ಚಿಂತೆ ಬೇಡ. ಒಂದೊಂದು ಪೆಟ್ಟಿಗೆ 3 ಸೆಕೆಂಡು ಎಂದರೂ ಒಟ್ಟು 6 ನಿಮಿಷ. ಸೆಕೆಂಡಿಗೆ 48,000 ಸಲ ಅಳೆದು, ಪ್ರತಿ ಅಳತೆಯನ್ನು 24 ಬಿಟ್‌ನಲ್ಲಿ ಬರೆದಿಟ್ಟರೂ ಸುಮಾರು 52 ಮೆಗಾಬೈಟ್‌ಗಿಂತ ಹೆಚ್ಚಾಗುವುದಿಲ್ಲ. ಸೆಕೆಂಡಿಗೆ ಇಷ್ಟೊಂದು ಸಲ ಏಕೆ ಅಳೆಯಬೇಕೆಂಬುದು ಪಿಯುಸಿ ವಿಜ್ಞಾನದ ವಿದ್ಯಾರ್ಥಿಗಳಿಗೆ ಒಳ್ಳೆಯ ಪ್ರಶ್ನೆ. ನಮ್ಮ ಕಿವಿ ಹೆಚ್ಚೆಂದರೆ ಸೆಕೆಂಡಿಗೆ 20,000 ಕಂಪನಗಳವರೆಗೆ ಕೇಳಬಲ್ಲದು. ಒಂದು ಕಂಪನವನ್ನು ಗುರುತಿಸಲು ಅದರ ಏರು ಇಳಿತ ಎರಡನ್ನೂ ಹಿಡಿಯಬೇಕು, ಅಂದರೆ ಕಂಪನಸಂಖ್ಯೆಯ ಎರಡರಷ್ಟಕ್ಕಿಂತ ಹೆಚ್ಚು ಸಲ ಅಳೆಯಬೇಕು. 1982ರಲ್ಲಿ ಮಾರುಕಟ್ಟೆಗೆ ಬಂದ ಸಿ.ಡಿ.ಗೆ 44,100 ಎಂಬ ಅಂಕಿ ಗೊತ್ತುಮಾಡಿದ್ದರ ಹಿಂದೆ ಇರುವುದು ಈ ಲೆಕ್ಕವೇ.

ಏಕತಾರಿಯದು ಇನ್ನೊಂದು ಸಮಸ್ಯೆ. ಅದಕ್ಕೆ ಇರುವುದು ಒಂದೇ ತಂತಿ, ಹಾಡುವವನು ತನ್ನ ಕಂಠಕ್ಕೆ ತಕ್ಕಂತೆ ಶ್ರುತಿ ಮಾಡಿಕೊಳ್ಳುತ್ತಾನೆ. ಒಂದೇ ಶ್ರುತಿಯಲ್ಲಿ ಮುದ್ರಿಸಿ, ಬೇಕಾದಾಗ ಯಂತ್ರದಲ್ಲಿ ಮೇಲೆ ಕೆಳಗೆ ಎಳೆಯಬಹುದಲ್ಲ? ಒಂದೆರಡು ಮನೆಗಳಷ್ಟು ಎಳೆದರೆ ಕಿವಿ ಕ್ಷಮಿಸುತ್ತದೆ. ಒಂದು ಸ್ಥಾಯಿ ಏರಿಸಿದರೆ ಸದ್ದು ಎರಡು ಪಟ್ಟು ವೇಗವಾಗಿ ಓಡುತ್ತದೆ, ಅರ್ಧ ಹೊತ್ತಿಗೇ ಮುಗಿಯುತ್ತದೆ. ತಂತಿಯ ಜೊತೆಗೆ ಸೋರೆಬುರುಡೆಯ ಗುಂಯ್ ನಾದವೂ ಮೇಲೇರಿ, ಬುರುಡೆ ಕುಗ್ಗಿ ಚೆಂಡಿನಷ್ಟಾದಂತೆ ಕೇಳುತ್ತದೆ. ಇದೇ ಚಿಕಿತ್ಸೆಯನ್ನು ಡೊಳ್ಳಿಗೆ ಮಾಡಿದರೆ ಡೊಳ್ಳು ಹೋಗಿ ಬುಡಬುಡಿಕೆ ಉಳಿಯುತ್ತದೆ! ಆದಕಾರಣ ಏಕತಾರಿಯನ್ನು ಎರಡು ಮೂರು ಮನೆಗಳಿಗೊಮ್ಮೆ ಹೊಸದಾಗಿ ಶ್ರುತಿ ಮಾಡಿಸಿ, ಪ್ರತಿ ಸಲವೂ ಮುದ್ರಿಸಬೇಕು. ಬೇಸರದ ಕೆಲಸವೇ. ಹಗ್ಗ ಹೊಸೆದಂತೆ ಕುಳಿತು ಮಾಡಬೇಕು.

ಕೌದಿ, ಗೋವಿನಜೋಳದ ಚೀಲ ಮತ್ತು ಕರೆಂಟು

ಇದಕ್ಕೆ ಬೆಂಗಳೂರಿನ ಸ್ಟುಡಿಯೋ ಬೇಕೆಂದು ತಿಳಿಯಬೇಕಾಗಿಲ್ಲ. ಬೇಕಾದದ್ದು ನಿಶ್ಶಬ್ದ ಮತ್ತು ಗೋಡೆಗಳಿಂದ ಮಾರ್ದನಿ ಬರದ ಕೋಣೆ. ಹಿರೇಕೆರೂರದ ಕಡೆಯ ರೈತರ ಮನೆಗಳಲ್ಲಿ ಸುಗ್ಗಿಯ ನಂತರ ಗೋವಿನಜೋಳದ ಚೀಲ ಪೇರಿಸಿದ ಕೋಣೆಗೆ ಹೋಗಿ ಚಪ್ಪಾಳೆ ತಟ್ಟಿ ನೋಡಬೇಕು, ಸದ್ದು ಅಲ್ಲೇ ಇಂಗಿಹೋಗುತ್ತದೆ. ಎರಡು ಬದಿಗೆ ದಪ್ಪ ಕೌದಿ ಇಳಿಬಿಟ್ಟರೆ ಇನ್ನೂ ಒಳ್ಳೆಯದು. ಅಜ್ಜಿ ಹೊಲಿದ ಕೌದಿಗೂ ಸ್ಟುಡಿಯೋ ಗೋಡೆಯ ದುಬಾರಿ ಸ್ಪಂಜಿಗೂ ಇಲ್ಲಿ ಕೆಲಸ ಒಂದೇ. ಫ್ಯಾನು, ಫ್ರಿಜ್ಜು, ಟ್ಯೂಬ್‌ಲೈಟುಗಳಿಂದ ಸೆಕೆಂಡಿಗೆ 50 ಸಲ, 100 ಸಲ ಕಂಪಿಸುವ ಸಣ್ಣ ಗುಂಯ್‌ಗುಡುವಿಕೆ ಬರುತ್ತಿರುತ್ತದೆ. ನಮಗದು ಅಭ್ಯಾಸವಾಗಿ ಕೇಳಿಸುವುದಿಲ್ಲ, ಮೈಕಿಗೆ ಕೇಳಿಸುತ್ತದೆ. ಹಾಗಾಗಿ ನಾವೆಲ್ಲ ಬೈದುಕೊಳ್ಳುವ ಕರೆಂಟು ಹೋದ ಹೊತ್ತೇ ಈ ಕೆಲಸಕ್ಕೆ ಶುಭಮುಹೂರ್ತ.

ಮೊಬೈಲಿನಲ್ಲೇ ಆರಂಭಿಸಬಹುದು. ಆದರೆ ಮೊಬೈಲು ಮಾತಿಗಾಗಿ ಹುಟ್ಟಿದ ಯಂತ್ರ. ಸದ್ದು ಹೆಚ್ಚಾದರೆ ತಾನೇ ತಗ್ಗಿಸುತ್ತದೆ, ಕಡಿಮೆಯಾದರೆ ಏರಿಸುತ್ತದೆ. ಮೆಲ್ಲನೆಯ ಪೆಟ್ಟಿಗೂ ಜೋರು ಪೆಟ್ಟಿಗೂ ಇದ್ದ ಅಂತರವನ್ನೇ ಅದು ನುಂಗಿಬಿಡುತ್ತದೆ. ಆ ಸ್ವಯಂಚಾಲಿತ ಸೌಕರ್ಯವನ್ನು ಆರಿಸಬಲ್ಲ ಧ್ವನಿಮುದ್ರಣ ತಂತ್ರಾಂಶ ಹಾಕಿಕೊಂಡು, ಎಂಪಿ3 ಬದಲು ‘ವೇವ್’ ರೂಪದಲ್ಲಿ ಉಳಿಸಿಕೊಳ್ಳಬೇಕು. ಕತ್ತರಿಸಲು 2000ನೆಯ ಇಸವಿಯಿಂದ ಉಚಿತವಾಗಿ ಸಿಗುತ್ತಿರುವ ‘ಆಡಾಸಿಟಿ’ ಸಾಕು.

ಚರ್ಮವಾದ್ಯಗಳಿಗೆ ಋತುಮಾನವೂ ಮುಖ್ಯ. ಹಾನಗಲ್ಲ ಅರೆಮಲೆನಾಡು, ಮಳೆಗಾಲದಲ್ಲಿ ಗಾಳಿಯೇ ಒದ್ದೆ. ಚರ್ಮ ತೇವ ಹೀರಿ ಸಡಿಲವಾಗಿ ನಾದ ಇಳಿಯುತ್ತದೆ. ಸವಣೂರಿನ ಬಯಲಿನ ಬೇಸಿಗೆಯಲ್ಲಿ ಅದೇ ಹಲಗೆ ಬಿಗಿದು ಟಣಟಣ ಎನ್ನುತ್ತದೆ. ಹೋಳಿಗೋ ಮೊಹರಂಗೋ ಹಲಗೆ ಬಾರಿಸುವವರು ಮೊದಲು ಬೆಂಕಿಗೆ ಹಿಡಿದು ಕಾಯಿಸುವುದು ಇದೇ ಕಾರಣಕ್ಕೆ. ಕಾಯಿಸಿದ ತಕ್ಷಣದ ನಾದ ಸ್ವಲ್ಪ ಹೊತ್ತಿನಲ್ಲಿ ಇಳಿಯುತ್ತದೆ. ನೂರಿಪ್ಪತ್ತು ಪೆಟ್ಟು ಮುದ್ರಿಸುವಷ್ಟರಲ್ಲಿ ಮೊದಲನೆಯದಕ್ಕೂ ಕೊನೆಯದಕ್ಕೂ ಹೊಂದಿಕೆಯೇ ತಪ್ಪೀತು. ನಡುನಡುವೆ ನಿಲ್ಲಿಸಿ, ಮತ್ತೆ ಕಾಯಿಸಿ, ಮೊದಲ ಪೆಟ್ಟಿನ ಜೊತೆ ಹೋಲಿಸಿ ನೋಡಿಯೇ ಮುಂದುವರಿಯಬೇಕು.

ದೇವಸ್ಥಾನದ ಮಂಟಪದಲ್ಲಿ ಮುದ್ರಿಸಿದರೆ ಚೆನ್ನಾಗಿ ಕೇಳುವುದಿಲ್ಲವೇ? ಕೇಳುತ್ತದೆ, ಅಲ್ಲೇ ತೊಂದರೆ. ಮಾರ್ದನಿ ಒಮ್ಮೆ ಅಂಟಿಕೊಂಡರೆ ಬಿಡಿಸಲು ಬರುವುದಿಲ್ಲ. ಒಣ ನಾದವನ್ನು ಬೇರೆ, ಸ್ಥಳದ ಮಾರ್ದನಿಯನ್ನು ಬೇರೆ ಮುದ್ರಿಸಿಕೊಂಡು ಕಂಪ್ಯೂಟರಿನಲ್ಲಿ ಎರಡನ್ನೂ ಬೆಸೆಯುವ ವಿಧಾನ ಈಗ ಇದೆ. ಕೋಣೆಯ ನಡುವೆ ಬಲೂನೊಂದನ್ನು ಒಡೆದು, ಆ ಸದ್ದು ಹೇಗೆ ಕರಗುತ್ತದೆಂದು ಮುದ್ರಿಸಿಕೊಂಡರೆ ಆ ಕೋಣೆಯ ಗುಣವೇ ಕೈಗೆ ಸಿಕ್ಕಂತೆ. ಹಾನಗಲ್ಲಿನ ತಾರಕೇಶ್ವರ ಗುಡಿಯ ಗುಮ್ಮಟದಂಥ ಛತ್ತಿನ ಕೆಳಗೆ ಇಂಥ ಪ್ರಯೋಗದ ಆಸೆ ಯಾರಿಗೂ ಬಂದೀತು. ಆದರೆ ಅದು ಸಂರಕ್ಷಿತ ಸ್ಮಾರಕ, ಪುರಾತತ್ವ ಇಲಾಖೆಯ ಅನುಮತಿ ಇಲ್ಲದೆ ಬಲೂನು ಕಿಸೆಯಿಂದ ತೆಗೆಯಬಾರದು.

ಹೆಸರಿಡುವುದು

ಮುದ್ರಣ ಮುಗಿದಾಗ ಕೆಲಸ ಅರ್ಧವಾಗಿದೆ ಎಂದು ತಿಳಿಯಬೇಕು. ಉಳಿದರ್ಧ ಯಾರಿಗೂ ಇಷ್ಟವಿಲ್ಲದ್ದು, ಹೆಸರು ಬರೆಯುವುದು. ‘ರೆಕಾರ್ಡಿಂಗ್ 1’, ‘ಹೊಸದು’, ‘ಹೊಸದು ಕೊನೆಯದು’ ಎಂಬ ಹೆಸರಿನ ನೂರಿಪ್ಪತ್ತು ಕಡತಗಳು ಆರು ತಿಂಗಳ ನಂತರ ಮುದ್ರಿಸಿದವನಿಗೇ ಗೊತ್ತಾಗುವುದಿಲ್ಲ. ‘ದಮ್ಮಡಿ-ಅಂಚು-ಮೆಲು-03’ ಎಂದಿದ್ದರೆ ಹತ್ತು ವರ್ಷದ ನಂತರ ಯಾರು ತೆರೆದರೂ ತಿಳಿಯುತ್ತದೆ: ವಾದ್ಯ, ಪೆಟ್ಟು, ಬಲ, ಸರದಿ. 3ರ ಹಿಂದೆ ಸೊನ್ನೆ ಏಕೆಂದರೆ, ಕೆಲವು ಯಂತ್ರಗಳು 1ರ ನಂತರ 10ನ್ನೂ, ಆಮೇಲೆ 2ನ್ನೂ ಜೋಡಿಸುತ್ತವೆ. ಹೆಸರಿನ ಈ ಅಂಗಗಳನ್ನೇ ಓದಿಕೊಂಡು, ‘ಎಸ್‌ಎಫ್‌ಜೆಡ್’ ಎಂಬ ಸರಳ ಪಠ್ಯಕಡತದಲ್ಲಿ ಯಾವ ಮನೆಗೆ ಯಾವ ನಾದ, ಎಷ್ಟು ಬಲಕ್ಕೆ ಯಾವ ಮಟ್ಟ ಎಂದು ಸಾಲುಸಾಲಾಗಿ ಬರೆಯಬೇಕು. 1983ರಲ್ಲಿ ಬಂದ ‘ಮಿಡಿ’ ಎಂಬ ಒಪ್ಪಂದದ ಪ್ರಕಾರ ಬೆರಳಿನ ಬಲಕ್ಕೆ 1ರಿಂದ 127ರವರೆಗೆ ಅಂಕಿಗಳಿವೆ. 1ರಿಂದ 40ರವರೆಗೆ ಮೆಲ್ಲನೆಯದು, 41ರಿಂದ 80ರವರೆಗೆ ಸಾಧಾರಣ ಎಂದು ಹಂಚುವುದು ಮಾಡುವವನ ವಿವೇಕ. ಇದಕ್ಕೆ ದೊಡ್ಡ ತಂತ್ರಾಂಶ ಬೇಡ, ಅಕ್ಷರ ಬರೆಯಬಲ್ಲ ಯಾವ ಕಂಪ್ಯೂಟರಾದರೂ ಆದೀತು. ರೋಲ್ಯಾಂಡಿನ ‘ಎಸ್‌ಪಿಡಿ-ಎಸ್‌ಎಕ್ಸ್’ನಂಥ ಪ್ಯಾಡುಗಳಿಗಾದರೆ ‘ವೇವ್’ ಕಡತಗಳನ್ನು ನೇರವಾಗಿ ತುಂಬಬಹುದು.

ಅಚ್ಚುಕಟ್ಟಿನ ಕೆಲಸ ಹೇಗಿರುತ್ತದೆಂದು ನೋಡಬೇಕಿದ್ದರೆ ಮೃದಂಗಕ್ಕೆ ಆದದ್ದನ್ನು ನೋಡಬಹುದು. ಮೃದಂಗ ವಾದಕ ಅಕ್ಷಯ್ ಅನಂತಪದ್ಮನಾಭನ್ ಮತ್ತು ಸಂಗಡಿಗ ಸಂಶೋಧಕರು ಸಂಶೋಧನೆಗೆಂದು 10 ಬಗೆಯ ಪೆಟ್ಟುಗಳನ್ನು 6 ಬೇರೆ ಬೇರೆ ಶ್ರುತಿಗಳಲ್ಲಿ ಬಾರಿಸಿ, 7,162 ಬಿಡಿ ಪೆಟ್ಟುಗಳ ಸಂಗ್ರಹ ಮಾಡಿ ಸಾರ್ವಜನಿಕರಿಗೆ ತೆರೆದಿಟ್ಟಿದ್ದಾರೆ. ಪ್ರತಿ ಪೆಟ್ಟಿಗೂ ಮೃದಂಗದವರೇ ಬಳಸುವ ಸೊಲ್ಲಿನ ಹೆಸರಿದೆ. ಗಮನಿಸಬೇಕಾದದ್ದು ಇದನ್ನೇ. ದಮ್ಮಡಿಯ, ಹಲಗೆಯ, ಡೊಳ್ಳಿನ ಪೆಟ್ಟುಗಳಿಗೂ ಬಾರಿಸುವವರ ಬಾಯಲ್ಲಿ ಅವರವರ ಹೆಸರುಗಳಿರುತ್ತವೆ, ಊರಿಂದೂರಿಗೆ ಬದಲಾಗುತ್ತವೆ. ‘ಪೆಟ್ಟು 4’ ಎಂದು ಬರೆಯುವ ಬದಲು ಬಾರಿಸಿದವರನ್ನೇ ಕೇಳಿ ಬರೆದುಕೊಂಡರೆ ನಾದದ ಜೊತೆಗೆ ಒಂದು ಶಬ್ದಕೋಶವೂ ಉಳಿಯುತ್ತದೆ. ಈ ಕೆಲಸವನ್ನು ಟೋಕಿಯೋದಲ್ಲಿ ಕುಳಿತವರು ಮಾಡಲಾರರು. ಆ ಊರಿನ ಮಾತು ಬಲ್ಲ ಹುಡುಗ ಹುಡುಗಿಯರೇ ಮಾಡಬೇಕು.

ಜೊತೆಗೊಂದು ದಾಖಲೆ ಪುಸ್ತಕ ಇರಲಿ. ತಾರೀಖು, ಊರು, ಬಾರಿಸಿದವರು, ವಾದ್ಯ ಮಾಡಿದವರು, ಚರ್ಮ ಯಾವುದು, ಮೈಕು ಎಷ್ಟು ದೂರದಲ್ಲಿತ್ತು, ಅಂದು ಮಳೆಯೋ ಬಿಸಿಲೋ, ಎಲ್ಲ ಬರೆದಿಡಬೇಕು. ಅಂಧ ವಿದ್ಯಾರ್ಥಿಗಳಿಗೆ ಈ ಶಿಸ್ತಿನಿಂದ ಆಗುವ ಉಪಕಾರ ದೊಡ್ಡದು. ಪರದೆಯ ಮೇಲಿನ ಅಕ್ಷರಗಳನ್ನು ಓದಿ ಹೇಳುವ ತಂತ್ರಾಂಶ ಈಗ ಮೊಬೈಲಿನಲ್ಲೇ ಇದೆ. ಅದು ‘ದಮ್ಮಡಿ, ಅಂಚು, ಮೆಲು, ಮೂರು’ ಎಂದು ಓದಿದರೆ ಅವರು ಯಾರ ಹಂಗೂ ಇಲ್ಲದೆ ಇಡೀ ಭಂಡಾರವನ್ನು ಕೈವಶ ಮಾಡಿಕೊಳ್ಳಬಲ್ಲರು. ಎರಡು ಪೆಟ್ಟುಗಳ ನಡುವಿನ ಸಣ್ಣ ದೋಷ ಹಿಡಿಯುವುದರಲ್ಲಿ ಅವರನ್ನು ಮೀರಿಸುವುದಂತೂ ಕಷ್ಟ. ಎಲ್ಲ ಮುಗಿದ ಮೇಲೆ ಮೂರು ಪ್ರತಿ ಮಾಡಿ, ಒಂದನ್ನು ಬೇರೆ ಊರಿನಲ್ಲಿ ಇಡುವುದು ಜಾಣತನ. ಹಾರ್ಡ್ ಡಿಸ್ಕು ಹಾಳಾಗುವ ಮುಂಚೆ ತಿಳಿಸಿ ಹಾಳಾಗುವುದಿಲ್ಲ.

ಸಂಗೀತದವರ ತಕರಾರು, ಬಾರಿಸುವವರ ಪಾಲು

ಇಷ್ಟೆಲ್ಲ ಮಾಡಿದರೂ ಅದು ನಿಜವಾದ ವಾದ್ಯವಾದೀತೇ ಎಂಬ ತಕರಾರು ಹಳೆಯದು, ನ್ಯಾಯವಾದದ್ದೂ ಹೌದು. ಮನೆಮನೆಗೂ ಬಂದ ಹಾರ್ಮೋನಿಯಂ ಸ್ವರದಿಂದ ಸ್ವರಕ್ಕೆ ಜಾರಲಾರದು, ಅದರ ಸ್ವರಗಳು ನಮ್ಮ ಶ್ರುತಿಗೆ ಕೂಡಲಾರವು ಎಂದು ಆಕಾಶವಾಣಿ 1940ರಲ್ಲಿ ಅದನ್ನು ನಿಷೇಧಿಸಿತ್ತು. ನಿಷೇಧ ಸಡಿಲವಾಗಲು 1971 ಬರಬೇಕಾಯಿತು. ಅದೇ ಹಾರ್ಮೋನಿಯಂ ಪುಟ್ಟರಾಜ ಗವಾಯಿಗಳ ಬೆರಳಲ್ಲಿ ಏನೆಲ್ಲ ನುಡಿಯಿತೆಂಬುದು ಈ ಭಾಗದವರಿಗೆ ಗೊತ್ತೇ ಇದೆ. ಹಾಗೆಂದು ಯಂತ್ರಕ್ಕೆ ಎಲ್ಲವೂ ಸಾಧ್ಯವೆನ್ನುವಂತಿಲ್ಲ. ಹಾನಗಲ್ಲಿನ ಹೆಸರನ್ನು ಜಗತ್ತಿಗೆ ಕೇಳಿಸಿದ ಗಂಗೂಬಾಯಿ ಹಾನಗಲ್ಲರ (1913–2009) ಗಾಯನದಲ್ಲಿ ಒಂದು ಸ್ವರ ಇನ್ನೊಂದಕ್ಕೆ ಹೋಗುವ ದಾರಿಯೇ ಸಂಗೀತ. ಬಿಡಿ ಸ್ವರಗಳನ್ನು ಸಾವಿರ ಸಲ ಮುದ್ರಿಸಿದರೂ ಆ ದಾರಿ ಸಿಗುವುದಿಲ್ಲ. ಬಿಡಿಬಿಡಿ ಪೆಟ್ಟುಗಳ ತಾಳವಾದ್ಯ, ಒಂದೇ ನಾದದ ಏಕತಾರಿ, ಗಂಟೆ, ಗೆಜ್ಜೆ ಇವು ಯಂತ್ರಕ್ಕೆ ಒಗ್ಗುತ್ತವೆ. ಸಾರಂಗಿ ಒಗ್ಗುವುದು ಕಷ್ಟ. ಎಲ್ಲಿಂದ ಆರಂಭಿಸಬೇಕೆಂಬುದಕ್ಕೆ ಇದಕ್ಕಿಂತ ಬೇರೆ ಸೂಚನೆ ಬೇಡ.

ತಕರಾರಿನ ಇನ್ನೊಂದು ಮುಖ ಹೊಟ್ಟೆಪಾಡಿನದು. ಮೆಲ್ಲೋಟ್ರಾನ್ ಬಂದಾಗಲೇ ಬ್ರಿಟನ್ನಿನ ಸಂಗೀತಗಾರರ ಸಂಘ ತನ್ನ ಸದಸ್ಯರ ಕೆಲಸ ಹೋದೀತೆಂದು ದನಿಯೆತ್ತಿತ್ತು. ಅಮೆರಿಕದ ಡ್ರಮ್ ವಾದಕ ಗ್ರೆಗರಿ ಕೋಲ್ಮನ್ 1969ರ ಒಂದು ಹಾಡಿನ ನಡುವೆ ಏಳು ಸೆಕೆಂಡಿನಷ್ಟು ಹೊತ್ತು ಒಬ್ಬರೇ ಬಾರಿಸಿದ್ದ ತುಣುಕನ್ನು ಮುಂದೆ ಸಾವಿರಾರು ಹಾಡುಗಳಲ್ಲಿ ಕತ್ತರಿಸಿ ಅಂಟಿಸಿದರು. ಜಗತ್ತಿನಲ್ಲಿ ಅತಿ ಹೆಚ್ಚು ಬಳಕೆಯಾದ ನಾದದ ತುಣುಕುಗಳಲ್ಲಿ ಅದೊಂದು. ಕೋಲ್ಮನ್‌ಗೆ ಅದರಿಂದ ಒಂದು ಕಾಸೂ ಬರಲಿಲ್ಲ; 2006ರಲ್ಲಿ ಬಡತನದಲ್ಲೇ ತೀರಿಕೊಂಡರು.

ಡೊಳ್ಳಿನ ಮೇಳದ ಹಿರಿಯರೊಬ್ಬರನ್ನು ಕರೆಸಿ ಮಧ್ಯಾಹ್ನವಿಡೀ ಬಾರಿಸಿಕೊಂಡು ಚಹಾ ಕುಡಿಸಿ ಕಳಿಸಿದರೆ, ನಾಳೆ ಅವರದೇ ನಾದ ಅವರ ಬದಲಿಗೆ ವೇದಿಕೆ ಏರುತ್ತದೆ, ಅವರಿಗೆ ಕರೆ ಬರುವುದಿಲ್ಲ. ನಮ್ಮ 1957ರ ಹಕ್ಕುಸ್ವಾಮ್ಯ ಕಾಯ್ದೆಯಲ್ಲಿ ಧ್ವನಿಮುದ್ರಿಕೆಯ ಒಡೆತನ ಸಾಮಾನ್ಯವಾಗಿ ಅದನ್ನು ಮಾಡಿಸಿದವರದು. ಪ್ರದರ್ಶನ ಕೊಡುವ ಕಲಾವಿದರಿಗೆ ಅವರದೇ ಆದ ಹಕ್ಕನ್ನು ಸೇರಿಸಿದ್ದು 1994ರ ತಿದ್ದುಪಡಿ. ಆದರೆ ಕಾಗದದ ಮೇಲೆ ಬರೆಯದ ಒಪ್ಪಂದ ಹಳ್ಳಿಯ ಕಲಾವಿದನ ಪಾಲಿಗೆ ಗಾಳಿಗೆ ತೂರಿದ ಹೊಟ್ಟು. ಮುದ್ರಿಸುವ ಮುನ್ನವೇ ಸರಳ ಕನ್ನಡದಲ್ಲಿ ಒಂದು ಪುಟ ಬರೆದು, ಓದಿ ಹೇಳಿ, ಇಬ್ಬರೂ ಸಹಿ ಮಾಡಬೇಕು: ದಿನದ ಸಂಭಾವನೆ ಎಷ್ಟು, ಮಾರಿದರೆ ಪಾಲು ಎಷ್ಟು, ಹೆಸರು ಎಲ್ಲಿ ಬರುತ್ತದೆ, ಉಚಿತವಾಗಿ ಹಂಚುವುದಾದರೆ ಅವರ ಒಪ್ಪಿಗೆ ಇದೆಯೇ. ಕಾಲೇಜು ಹುಡುಗರ ಪ್ರಾಜೆಕ್ಟು ಎಂಬ ಕಾರಣಕ್ಕೆ ಇದನ್ನು ಬಿಡುವಂತಿಲ್ಲ.

ಪಾಲಕರು ಕೇಳುವ ಪ್ರಶ್ನೆ ಬೇರೆ: ಇದರಿಂದ ಮಗನ ಹೊಟ್ಟೆ ತುಂಬೀತೇ? ದಮ್ಮಡಿಯ ಭಂಡಾರ ಒಂದರಿಂದಲೇ ತುಂಬಲಿಕ್ಕಿಲ್ಲ. ಆದರೆ ಇದನ್ನು ಒಮ್ಮೆ ಅಚ್ಚುಕಟ್ಟಾಗಿ ಮಾಡಿದವರಿಗೆ ಮೈಕು ಹಿಡಿಯುವುದು, ಕತ್ತರಿಸುವುದು, ಲೆಕ್ಕ ಇಡುವುದು, ದೋಷ ಕೇಳಿಸಿಕೊಳ್ಳುವುದು ಕೈಗೆ ಬಂದಿರುತ್ತದೆ. ಸಿನಿಮಾ, ಆಟದ ತಂತ್ರಾಂಶ, ಆಕಾಶವಾಣಿ, ವಾದ್ಯ ತಯಾರಿಕೆ ಎಲ್ಲದಕ್ಕೂ ಬೇಕಾದದ್ದು ಇದೇ ಅಕ್ಷರಾಭ್ಯಾಸ. ಮುಂದೆ ಕ್ರಮವಾಗಿ ಕಲಿಯುವವರು ಹೆಸರಘಟ್ಟದ ಸರ್ಕಾರಿ ಚಲನಚಿತ್ರ ಮತ್ತು ಟಿವಿ ಸಂಸ್ಥೆಯಲ್ಲಿ, ಪದವಿಯ ನಂತರವಾದರೆ ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟಿನಲ್ಲಿ ಧ್ವನಿಗ್ರಹಣದ ಕೋರ್ಸುಗಳ ಬಗ್ಗೆ ವಿಚಾರಿಸಬಹುದು. ಹಾನಗಲ್ಲರ ಹೆಸರಿನ ಸಂಗೀತ ವಿಶ್ವವಿದ್ಯಾಲಯ ಮೈಸೂರಿನಲ್ಲಿದೆ. ಜಾನಪದ ವಿಶ್ವವಿದ್ಯಾಲಯವಂತೂ 2011ರಿಂದ ಶಿಗ್ಗಾವಿ ತಾಲ್ಲೂಕಿನ ಗೊಟಗೋಡಿಯಲ್ಲೇ, ಹೆದ್ದಾರಿಯ ಬದಿಗೇ ಇದೆ. ಮುದ್ರಿಸಿದ ನಾದದ ಒಂದು ಪ್ರತಿ, ದಾಖಲೆ ಪುಸ್ತಕದ ಸಮೇತ, ಎಲ್ಲಿ ಕೊಡಬಹುದೆಂದು ಕೇಳಲು ದೂರ ಹೋಗಬೇಕಿಲ್ಲ.

ಮೊದಲ ಸಲಕ್ಕೆ ದಮ್ಮಡಿಯೂ ಭಾರವೆನಿಸಿದರೆ ಗಂಟೆಯಿಂದ ಶುರು ಮಾಡಬಹುದು. ದೀಪಾವಳಿಯ ಹೊತ್ತಿಗೆ ಈ ನಾಲ್ಕೂ ತಾಲ್ಲೂಕುಗಳಲ್ಲಿ ಹೋರಿ ಹಬ್ಬದ ಸಂಭ್ರಮ. ಕೊಬ್ಬರಿ ಹಾರ ಹೊತ್ತ ಹೋರಿಗಳ ಕೊರಳಲ್ಲಿ ಗಂಟೆ, ಗೆಜ್ಜೆಸರಗಳು. ಓಡುವ ಹೋರಿಯ ಹಿಂದೆ ಮೈಕು ಹಿಡಿದು ಓಡುವ ಸಾಹಸ ಬೇಡವೇ ಬೇಡ. ಹಬ್ಬ ಮುಗಿದ ಮೇಲೆ ಗಂಟೆಗಳು ಮನೆಯ ಗೂಟಕ್ಕೆ ಬರುತ್ತವೆ. ಆಗ ಕೇಳಿ ತಂದು, ದಾರದಲ್ಲಿ ತೂಗುಹಾಕಿ, ಕಟ್ಟಿಗೆಯ ತುಂಡಿನಿಂದ ಒಮ್ಮೆ ತಟ್ಟಿ ಕೈ ಹಿಂದಕ್ಕೆ ತೆಗೆದುಕೊಳ್ಳಬೇಕು. ಗಂಟೆಯ ನಾದ ಮುಗಿಯಿತೆಂದು ನಮಗೆ ಅನ್ನಿಸಿದ ಮೇಲೂ ಮೈಕಿಗೆ ಇನ್ನೂ ಕೇಳುತ್ತಿರುತ್ತದೆ. ಯಾರೂ ಕೆಮ್ಮದೆ, ಬಾಗಿಲು ತೆರೆಯದೆ, ಮನಸ್ಸಿನಲ್ಲೇ ಇಪ್ಪತ್ತು ಎಣಿಸಿ, ಆಮೇಲೆ ಯಂತ್ರ ನಿಲ್ಲಿಸಬೇಕು.